ಪೇರಲಕ್ಕೊಂದು ಟೊಪ್ಪಿಗೆ

೧೯೬೧ರಲ್ಲಿ ನಾನು ಮುದ್ದೇಬಿಹಾಳದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ. ಹುಟ್ಟೂರು ಇಂಡಿ ತಾಲ್ಲೂಕಿನ ಹೊರ್ತಿ. ಮುದ್ದೇಬಿಹಾಳಕ್ಕೆ ಬರುವ ಮುಂಚೆ ಬಸವನ ಬಾಗೇವಾಡಿಯಲ್ಲಿ ಕೆಲಕಾಲ ಕಲಿಸಿದ್ದೆ. ವಿಜ್ಞಾನದ ಮಾಸ್ತರ ಎಂದರೆ ಆಗ ವಿಜ್ಞಾನ, ಗಣಿತ, ಬೇಕಾದರೆ ಡ್ರಿಲ್ಲು, ಸಿಪಾಯಿ ರಜೆ ಹಾಕಿದ ದಿನ ಗಂಟೆ ಹೊಡೆಯುವುದು, ಇಷ್ಟೂ ಸೇರಿತ್ತು. ಸೇವೆಯಲ್ಲಿ ಮರೆಯಲಾಗದ ಪ್ರಸಂಗ ಯಾವುದು ಎಂದು ಈಗ ಯಾರಾದರೂ ಕೇಳಿದರೆ, ಮೊದಲ ನಂಬರಿನಲ್ಲಿ ಪಾಸಾದ ಹುಡುಗರ ಹೆಸರು ಹೇಳುತ್ತಾನೆ ಎಂದು ಅವರು ಕಾಯುತ್ತಾರೆ. ನನಗೆ ನೆನಪಾಗುವುದು ತಾಮ್ರದ ಒಂದು ಪೇರಲಹಣ್ಣು. ಅದರ ನೆನಪಾದರೆ ಇವತ್ತಿಗೂ ಮೊದಲು ಸಿಟ್ಟು ಬರುತ್ತದೆ, ಉಳಿದದ್ದೆಲ್ಲ ಆಮೇಲೆ.

ನಮ್ಮ ಶಾಲೆಯಲ್ಲಿ ಮ್ಯಾಟ್ರಿಕ್‌ವರೆಗೆ ವರ್ಗಗಳಿದ್ದರೂ ಭೌತಶಾಸ್ತ್ರ, ರಸಾಯನಶಾಸ್ತ್ರ ತೆಗೆದುಕೊಳ್ಳಲು ಮಂಜೂರಾತಿ ಇರಲಿಲ್ಲ. ಬೇಕೆನ್ನುವ ಹುಡುಗರು ಬಿಜಾಪುರಕ್ಕೆ ಹೋಗಿ ಯಾರದಾದರೂ ಮನೆಯಲ್ಲೋ ಬೋರ್ಡಿಂಗಿನಲ್ಲೋ ಇದ್ದು ಓದುತ್ತಿದ್ದರು. ಹುಡುಗಿಯರು ಹೋಗುತ್ತಿರಲಿಲ್ಲ. ಆ ವರ್ಷ ನಮಗೂ ಮಂಜೂರಾತಿ ಸಿಗುವ ಲಕ್ಷಣ ಕಂಡಿತ್ತು. ಇಲಾಖೆಯಿಂದ ಒಬ್ಬ ಇನ್ಸ್‌ಪೆಕ್ಟರ್ ಬರುವವರಿದ್ದರು. ಪ್ರಯೋಗಶಾಲೆಯ ಸಲಕರಣೆಗಳು ಇವೆಯೇ, ಇದ್ದರೆ ಕೆಲಸ ಮಾಡುತ್ತವೆಯೇ ಎಂದು ಪಠ್ಯಪುಸ್ತಕ ಕೈಯಲ್ಲಿ ಹಿಡಿದು ಒಂದೊಂದನ್ನೇ ನೋಡುತ್ತಾರೆ ಎಂದು ಸುದ್ದಿ ಬಂದಿತ್ತು.

ಹತ್ತನೆಯ ಇಯತ್ತೆಯಲ್ಲಿ, ಅಂದರೆ ಆಗಿನ ಮ್ಯಾಟ್ರಿಕ್‌ಗೆ ಹಿಂದಿನ ವರ್ಗದಲ್ಲಿ, ಮಾಲನಬಿ ಎಂಬ ಹುಡುಗಿ ಇದ್ದಳು. ಬಾಗಿಲ ಪಕ್ಕದ ಬೆಂಚಿನಲ್ಲಿ ಕೂಡುತ್ತಿದ್ದಳು. ನಾನು ಏನು ಹೇಳಿದರೂ ‘ಯಾಕ್ರಿ ಸರ್?’ ಎಂದು ಕೇಳುವುದು ಅವಳ ಚಾಳಿ. ಕೆಲವು ದಿನ ಅದಕ್ಕೂ ನನಗೆ ರೇಗುತ್ತಿತ್ತು. ಊರಿಗೆ ಸಿಡುಬಿನ ಚುಚ್ಚುಮದ್ದು ಹಾಕಲು ಬಂದಿದ್ದ ಒಬ್ಬ ನರ್ಸಮ್ಮನನ್ನು ನೋಡಿದ ದಿನದಿಂದ ತಾನೂ ನರ್ಸ್ ಆಗಬೇಕೆಂದು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಆ ತರಬೇತಿಗೆ ಮ್ಯಾಟ್ರಿಕ್‌ನಲ್ಲಿ ವಿಜ್ಞಾನ ಓದಿದವರಿಗೆ ಮೊದಲ ಮಣೆ. ಅವಳ ಅಪ್ಪ ಉಸ್ಮಾನಸಾಬರು ಪೇಟೆಯಲ್ಲಿ ಕಲಾಯಿ ಅಂಗಡಿ ಇಟ್ಟಿದ್ದರು. ತಾಮ್ರ ಹಿತ್ತಾಳೆಯ ಪಾತ್ರೆಗಳಿಗೆ ತವರದ ಕಲಾಯಿ ಹಾಕುವುದು, ತಗ್ಗು ಬಿದ್ದ ಕೊಡ ಬಡಿದು ಸರಿ ಮಾಡುವುದು, ಹೇಳಿದರೆ ಹೊಸದನ್ನೂ ಮಾಡಿಕೊಡುವುದು ಅವರ ಕಸುಬು. ಮಗಳ ವಿಷಯ ಕೇಳಿದಾಗ ಅವರು ನನಗೆ ಒಂದೇ ಮಾತು ಹೇಳಿದ್ದರು.

“ಊರಾಗ ಸಾಲಿ ಇರೂತನಾ ಓದಸ್ತೇನ್ರಿ ಮಾಸ್ತರ್ರ. ಊರ ದಾಟಿ ಕಳಸೂದಿಲ್ಲ.”

ಸೈನ್ಸ್ ಊರಿಗೆ ಬಂದರೆ ಮಾಲನಬಿ ಅದನ್ನು ಓದುತ್ತಾಳೆ, ಬರದಿದ್ದರೆ ಅವಳ ನರ್ಸ್ ಆಗುವ ಆಸೆ ಅಲ್ಲಿಗೇ ನಿಲ್ಲುತ್ತದೆ. ವಿಷಯ ಇಷ್ಟು ಸರಳವಾಗಿತ್ತು. ಹೀಗಾಗಿ ಆ ತಪಾಸಣೆ ಸುಸೂತ್ರ ಮುಗಿಯಲಿ ಎಂದು ನಾನು ಬಯಸಿದಷ್ಟು ನಮ್ಮ ಹೆಡ್‌ಮಾಸ್ತರರೂ ಬಯಸಿರಲಿಕ್ಕಿಲ್ಲ.

ಹೆಡ್‌ಮಾಸ್ತರ ಹಿರೇಮಠರು ಒಳ್ಳೆಯವರು. ಒಳ್ಳೆಯತನದಿಂದಲೇ ಅವರು ನನ್ನ ಜೀವ ಹಿಂಡಿದರು. ಏನೇ ಕೇಳಿದರೂ “ತಡೀರಿ ಬಿರಾದಾರ, ಆಗತೈತಿ” ಎನ್ನುವುದು ಅವರ ಮಾತು. ಕಪ್ಪುಹಲಗೆ ಸೀಳಿದರೂ ಆಗತೈತಿ, ಮಾಳಿಗೆ ಸೋರಿದರೂ ಆಗತೈತಿ. ಆ ಶಬ್ದ ಕಿವಿಗೆ ಬಿದ್ದರೆ ಈಗಲೂ ನನ್ನ ತಲೆ ಗಿರ್ರೆನ್ನುತ್ತದೆ.

ಸಲಕರಣೆಗಳಲ್ಲಿ ಹೆಚ್ಚಿನವು ಸೊಲ್ಲಾಪುರದಿಂದ ಬಂದವು. ಬಾರದೆ ಉಳಿದವು ಎರಡು. ಒಂದು ಇಲೆಕ್ಟ್ರೋಸ್ಕೋಪ್. ಗಾಜಿನ ಬರಣಿಯೊಳಗೆ ಎರಡು ತೆಳು ಚಿನ್ನದ ಹಾಳೆಗಳನ್ನು ಇಳಿಬಿಟ್ಟಿರುತ್ತಾರೆ. ಮೇಲಿನ ಗುಂಡಿಗೆ ವಿದ್ಯುದಾವೇಶ, ಅಂದರೆ ಚಾರ್ಜ್, ತಗುಲಿದರೆ ಹಾಳೆಗಳು ಒಂದನ್ನೊಂದು ದೂಡಿಕೊಂಡು ದೂರ ಸರಿಯುತ್ತವೆ. ಚಾರ್ಜ್ ಎಷ್ಟು ಜಾಸ್ತಿಯೋ ಅಷ್ಟು ದೂರ. ಇನ್ನೊಂದು, ವಾಹಕದ ಮೇಲೆ ಚಾರ್ಜ್ ಹೇಗೆ ಹಂಚಿಕೊಳ್ಳುತ್ತದೆ ಎಂದು ತೋರಿಸುವ ಲೋಹದ ಪೊಳ್ಳು ಬುರುಡೆ.

ಈ ಎರಡನೆಯದನ್ನು ಸ್ವಲ್ಪ ವಿವರಿಸಬೇಕು. ಲೋಹದ ವಸ್ತುವಿಗೆ ಚಾರ್ಜ್ ಕೊಟ್ಟರೆ ಅದು ಒಳಗೆ ಉಳಿಯುವುದಿಲ್ಲ. ಒಂದನ್ನೊಂದು ದೂಡುತ್ತ ಎಲ್ಲವೂ ಹೊರಮೈಗೆ ಬಂದು ಕೂಡುತ್ತದೆ. ಮೈ ಚೆಂಡಿನ ಹಾಗೆ ದುಂಡಗಿದ್ದರೆ ಎಲ್ಲ ಕಡೆಗೂ ಒಂದೇ ಸಮ ಹರಡುತ್ತದೆ. ಒಂದು ಕಡೆ ಅಗಲವಾಗಿ ಇನ್ನೊಂದು ಕಡೆ ಕಿರಿದಾಗಿದ್ದರೆ, ಕಿರಿದಾದ ಕಡೆ, ಎಲ್ಲಿ ಮೈ ಹೆಚ್ಚು ಬಾಗಿದೆಯೋ ಅಲ್ಲಿ, ದಟ್ಟವಾಗಿ ಕೂಡುತ್ತದೆ. ತುದಿ ಮುಳ್ಳಿನ ಹಾಗೆ ಚೂಪಾಗಿದ್ದರೆ ಅಲ್ಲಿ ದಟ್ಟಣೆ ಎಷ್ಟು ಏರುತ್ತದೆಂದರೆ, ಚಾರ್ಜ್ ನಿಲ್ಲಲಾರದೆ ಪಕ್ಕದ ಗಾಳಿಗೆ ಸೋರಿಹೋಗುತ್ತದೆ. ಕಟ್ಟಡಗಳ ನೆತ್ತಿಯ ಮೇಲೆ ಸಿಡಿಲಿಗಾಗಿ ಚೂಪು ಸಲಾಕೆ ನಿಲ್ಲಿಸುವ ಪಾಠಕ್ಕೆ ಬುನಾದಿ ಇದೇ. ಇದನ್ನು ತೋರಿಸಲು ಒಂದು ತುದಿ ದಪ್ಪ, ಒಂದು ತುದಿ ಸಣ್ಣ ಇರುವ ವಾಹಕ ಬೇಕು. ಇಂಗ್ಲಿಷ್ ಪುಸ್ತಕಗಳು ಅದನ್ನು ಪೇರ್ ಎಂಬ ಹಣ್ಣಿಗೆ ಹೋಲಿಸುತ್ತವೆ. ನಮ್ಮ ಕನ್ನಡ ಪುಸ್ತಕ ಮಾಡಿದ ಮಹಾನುಭಾವರು ಅದನ್ನು ಹಾಗೆಯೇ ಎತ್ತಿ ‘ಪೇರು ಆಕಾರದ ವಾಹಕ’ ಎಂದು ಬರೆದಿದ್ದರು. ಪಕ್ಕದ ಚಿತ್ರವೋ, ಅಚ್ಚಿನ ಮಸಿ ಹರಡಿ ಒಂದು ಕರಿ ಚುಕ್ಕೆಯಾಗಿತ್ತು.

ನಾನು ಇಲೆಕ್ಟ್ರೋಸ್ಕೋಪ್ ಕಡ ತರಲು ಸಿಂದಗಿಗೆ ಹೋದೆ. ಅಲ್ಲಿ ನನ್ನ ಗೆಳೆಯನೊಬ್ಬ ಮಾಸ್ತರನಾಗಿದ್ದ. ಬರುವಾಗ ತಾಳಿಕೋಟೆಯಲ್ಲಿ ಬಸ್ಸು ಬದಲಿಸಿ, ಆ ಗಾಜಿನ ಬರಣಿಯನ್ನು ಎಳೆಗೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು, ಪ್ರತಿ ತಗ್ಗಿಗೂ ಡ್ರೈವರನಿಗೆ ಮನಸ್ಸಿನಲ್ಲೇ ಬೈಯುತ್ತ ಮುದ್ದೇಬಿಹಾಳ ಮುಟ್ಟಿದೆ. ಹಿರೇಮಠರು ಶಾಲೆಯ ಬಾಗಿಲಲ್ಲೇ ನಿಂತಿದ್ದರು. ಮುಖ ಅರಳಿತ್ತು. ನಾನಿಲ್ಲದಾಗ ವಾಹಕವನ್ನು ಊರಲ್ಲೇ ಮಾಡಿಸಿಬಿಟ್ಟಿದ್ದರಂತೆ, ಅದೂ ಉಸ್ಮಾನಸಾಬರ ಕೈಯಿಂದ. ಒಳಗೆ ಹೋಗಿ ನೋಡಿದರೆ ಮೇಜಿನ ಮೇಲೆ ತಾಮ್ರದ ಪೇರಲಹಣ್ಣು ಕೂತಿತ್ತು.

ನಮ್ಮ ಕಡೆ ಪೇರು ಎಂದರೂ ಪೇರಲ ಎಂದರೂ ಒಂದೇ. ಹಿರೇಮಠರು ಪುಸ್ತಕದಲ್ಲಿದ್ದದ್ದನ್ನು ಇದ್ದ ಹಾಗೆ ಓದಿ ಹೇಳಿದ್ದರು, ಉಸ್ಮಾನಸಾಬರು ಗಿಡದಿಂದ ಒಂದು ಒಳ್ಳೆಯ ಪೇರಲ ಹರಿದು ತಂದು ಎದುರಿಗೆ ಇಟ್ಟುಕೊಂಡು ಮಾಡಿದ್ದರು. ತೆಂಗಿನಕಾಯಿಯಷ್ಟು ದೊಡ್ಡದು, ಚೆಂಡಿನ ಹಾಗೆ ದುಂಡಗೆ. ಬೆಸುಗೆ ಎಲ್ಲಿದೆ ಎಂದು ಹುಡುಕಿದರೂ ಕಾಣದು. ಪೇರಲದ ತುದಿಯಲ್ಲಿ ಹೂವು ಉದುರಿದ ಮೇಲೆ ಉಳಿಯುವ ಚೂಪು ಚೂಪಾದ ಒಣ ಎಸಳುಗಳಿರುತ್ತವಲ್ಲ, ಅವನ್ನೂ ಬಿಟ್ಟಿರಲಿಲ್ಲ. ತಾಮ್ರದ ತಗಡಿನಲ್ಲಿ ಕತ್ತರಿಸಿ, ಒಂದೊಂದನ್ನೂ ಹೊರಕ್ಕೆ ಮಡಿಸಿ, ಪುಟ್ಟ ಕಿರೀಟದ ಹಾಗೆ ಕೂಡಿಸಿದ್ದರು. ನೋಡಿದವರು ಕೈಯಲ್ಲಿ ಹಿಡಿಯಬೇಕು ಅನ್ನುವಷ್ಟು ಚೆಂದವಿತ್ತು. ನನಗೆ ಗೋಡೆಗೆ ಹೊಡೆಯಬೇಕು ಅನ್ನಿಸಿತು.

“ಸರ್, ಇದು ಪೇರಲ.”

“ಮತ್ತ? ಪುಸ್ತಕದಾಗ ಪೇರು ಅಂತನ ಐತಲ್ಲ.”

ಅದು ಬೇರೆ ಹಣ್ಣು, ವಿಲಾಯತಿ ಹಣ್ಣು ಎಂದು ಹೇಳಿ, ಇಂಗ್ಲಿಷ್ ಪುಸ್ತಕದ ಚಿತ್ರದಲ್ಲಿ ಇದ್ದ ಹಾಗೆ ಹಲಗೆಯ ಮೇಲೆ ಬರೆದು ತೋರಿಸಿದೆ. ಹಿರೇಮಠರು ಕನ್ನಡಕ ಏರಿಸಿ ನೋಡಿದರು. ಇದು ಸೋರೆಕಾಯಿ ಆಯಿತಲ್ಲ ಎಂದರು. ಮೊದಲೇ ಸೋರೆಕಾಯಿ ಎಂದು ಬರೆದಿದ್ದರೆ ಸೋರೆಕಾಯಿಯನ್ನೇ ಮಾಡಿಸುತ್ತಿದ್ದೆ, ಅದೇನು ಕಷ್ಟ ಎಂದು ನನ್ನನ್ನೇ ಕೇಳಿದರು. ಹೊಸದು ಮಾಡಿಸೋಣವೆಂದರೆ ಉಸ್ಮಾನಸಾಬರ ಹತ್ತಿರ ಅಂಥ ತಗಡು ಮುಗಿದಿತ್ತು, ಲಗ್ನದ ಸುಗ್ಗಿಯಾದ್ದರಿಂದ ಅಂಗಡಿಯ ತುಂಬ ಕಲಾಯಿಗೆ ಬಂದ ಹಂಡೆ, ಪರಾತಗಳು ಬಿದ್ದಿದ್ದವು. ಇನ್ಸ್‌ಪೆಕ್ಟರ್ ಬರುವುದು ಮುಂದಿನ ವಾರ.

ಆಗಲಿ, ದುಂಡು ವಸ್ತುವಿನ ಮೇಲೆ ಚಾರ್ಜ್ ಸಮನಾಗಿ ಹರಡುತ್ತದೆ ಎಂದಾದರೂ ತೋರಿಸೋಣ ಎಂದುಕೊಂಡೆ. ಪೇರಲವನ್ನು ಗಾಜಿನ ಬಾಟಲಿಯ ಮೇಲೆ ಅಡ್ಡಲಾಗಿ ಮೇಣದಿಂದ ಕೂಡಿಸಿದೆ. ಶಾಲೆಯಲ್ಲಿ ಗಾಜಿನ ತಟ್ಟೆಗಳನ್ನು ಕೈಯಿಂದ ತಿರುಗಿಸಿ ಚಾರ್ಜ್ ಹುಟ್ಟಿಸುವ ಒಂದು ಹಳೆಯ ಯಂತ್ರವಿತ್ತು. ಅದರಿಂದ ಪೇರಲಕ್ಕೆ ಚಾರ್ಜ್ ಕೊಟ್ಟೆ. ಹಿಡಿಕೆ ಹಚ್ಚಿದ ಒಂದು ಪುಟ್ಟ ಲೋಹದ ಬಿಲ್ಲೆಯಿಂದ ಮೈಮೇಲಿನ ಚಾರ್ಜನ್ನು ಮುಟ್ಟಿ ತೆಗೆದು ಇಲೆಕ್ಟ್ರೋಸ್ಕೋಪಿಗೆ ತಗುಲಿಸಿದೆ. ಹಾಳೆಗಳು ಕದಲಿದವೋ ಇಲ್ಲವೋ ಎನ್ನುವಷ್ಟು ಕದಲಿದವು. ಮತ್ತೆ ತಿರುಗಿಸಿದೆ, ಮತ್ತೆ ಅಷ್ಟೇ. ಕೊಟ್ಟ ಚಾರ್ಜ್ ಕೊಟ್ಟಲ್ಲೇ ಮಾಯ.

ಆಮೇಲಿನ ದಿನಗಳನ್ನು ನೆನೆಯಲೂ ನನಗೆ ಬೇಸರ. ಬಾಟಲಿ ಬದಲಿಸಿದೆ. ಮೇಣ ಬದಲಿಸಿದೆ. ಯಂತ್ರದ ಮೇಲೆ ಅನುಮಾನ ಬಂದು, ಎಬೊನೈಟ್ ಎಂಬ ಗಟ್ಟಿ ರಬ್ಬರಿನ ಕೋಲನ್ನು ಬೆಕ್ಕಿನ ತುಪ್ಪಟದ ತೊಗಲಿಂದ ಉಜ್ಜಿ ಚಾರ್ಜ್ ಹುಟ್ಟಿಸಿ ನೋಡೋಣವೆಂದು ತೊಗಲು ಹುಡುಕಿದರೆ ಅದು ಹಗ್ಗದ ಮೇಲೆ ನೇತಾಡುತ್ತಿತ್ತು. ವಾಸನೆ ಬರುತ್ತದೆಂದು ಹಿರೇಮಠರು ಸೋಪು ಹಚ್ಚಿ ಒಗೆಸಿದ್ದರು. ಒಣಗಿದ ಮೇಲೆ ಅದು ತಗಡಿನ ಹಾಗೆ ಸೆಟೆದು ನಿಂತಿತು. ನಾನು ಹೊರಗೆ ಹೋಗಿ ಬೇವಿನ ಗಿಡದ ಕೆಳಗೆ ನಿಂತು ಬಂದೆ. ಹಿಂದಿನಿಂದ ‘ಆಗತೈತಿ’ ಕೇಳಿಸಿತು.

ಕಾರಣ ಸಿಕ್ಕಿದ್ದು ಅಕಸ್ಮಾತ್ತಾಗಿ. ಯಂತ್ರ ತಿರುಗಿಸುತ್ತಿರುವಾಗ ಇನ್ನೊಂದು ಕೈ ಪೇರಲದ ತುದಿಯ ಎದುರಿಗೆ ಬಂತು. ಅಂಗೈಗೆ ಸಣ್ಣಗೆ ಗಾಳಿ ಊದಿದ ಹಾಗಾಯಿತು. ಕಿಟಕಿ ಮುಚ್ಚಿ ನೋಡಿದೆ, ಮತ್ತೆ ಗಾಳಿ. ಆಗ ತಲೆಗೆ ಹೊಳೆಯಿತು. ಉಸ್ಮಾನಸಾಬರು ಅಷ್ಟು ಅಕ್ಕರೆಯಿಂದ ಮಾಡಿದ ಎಸಳುಗಳ ಚೂಪು ತುದಿಗಳಿಂದ ಚಾರ್ಜೆಲ್ಲ ಗಾಳಿಗೆ ಸೋರಿಹೋಗುತ್ತಿತ್ತು. ಯಾವ ನಿಯಮವನ್ನು ತೋರಿಸಬೇಕೆಂದು ನಾನು ಒದ್ದಾಡುತ್ತಿದ್ದೆನೋ ಅದೇ ನಿಯಮ ನನ್ನ ಪ್ರಯೋಗವನ್ನು ಕೆಡಿಸುತ್ತ ಕೂತಿತ್ತು.

ಪೇರಲವನ್ನು ಬಗಲಲ್ಲಿ ಇಟ್ಟುಕೊಂಡು ಕಲಾಯಿ ಅಂಗಡಿಗೆ ಹೋದೆ. ಅವತ್ತು ರವಿವಾರ. ಮಾಲನಬಿ ಕುಲುಮೆಯ ತಿದಿ ಒತ್ತುತ್ತಿದ್ದಳು, ಉಸ್ಮಾನಸಾಬರು ಒಂದು ಹಂಡೆಯ ಒಳಗೆ ತವರ ಸವರುತ್ತಿದ್ದರು. ಎಸಳುಗಳನ್ನು ಕತ್ತರಿಸಿ, ಅರದಿಂದ ಉಜ್ಜಿ ನುಣ್ಣಗೆ ಮಾಡಿಕೊಡಿ ಎಂದೆ. ಅವರು ಹಂಡೆ ಕೆಳಗಿಟ್ಟು, ನಾನು ಬೇರೆ ಯಾವುದೋ ಭಾಷೆಯಲ್ಲಿ ಮಾತಾಡಿದೆನೇನೋ ಎಂಬಂತೆ ನನ್ನನ್ನೇ ನೋಡಿದರು. ಆ ಎಸಳುಗಳಿಗೆ ಅವರು ಮೂಗು ಎನ್ನುತ್ತಿದ್ದರು.

“ಮೂಗ ಕೊಯ್ದ ಪೇರಲಾ ನನ್ನ ಅಂಗಡಿಯಿಂದ ಹೊರಗ ಹೋಗೂದಿಲ್ರಿ ಮಾಸ್ತರ್ರ. ಮಂದಿ ಏನಂದಾರು?”

ಮಂದಿ ಏನೂ ಅನ್ನುವುದಿಲ್ಲ, ಇದು ತಿನ್ನುವ ಹಣ್ಣಲ್ಲ, ತೋರಣಕ್ಕೆ ಕಟ್ಟುವುದೂ ಅಲ್ಲ ಎಂದು ಹೇಳಿ ನೋಡಿದೆ. ಈ ಮೂಗಿನಿಂದಾಗಿ ನಿಮ್ಮ ಮಗಳ ಸೈನ್ಸ್ ಓದೇ ನಿಂತುಹೋದೀತು ಎಂದೂ ಹೇಳಿದೆ. ಅದಕ್ಕೆ ಅವರ ಮುಖ ಸಣ್ಣದಾಯಿತು, ಆದರೆ ಕೈ ಅರದ ಕಡೆ ಹೋಗಲಿಲ್ಲ. ಇಂಥ ಹಟದ ಎದುರಿಗೆ ಏನು ಮಾಡಬೇಕೆಂದು ಯಾವ ಟ್ರೇನಿಂಗ್ ಕಾಲೇಜಿನಲ್ಲೂ ನಮಗೆ ಕಲಿಸಿರಲಿಲ್ಲ. ನನ್ನ ದನಿ ಏರಿತು. ಅಷ್ಟರಲ್ಲಿ ತಿದಿಯ ಸಪ್ಪಳ ನಿಂತಿತು.

“ಸರ್, ಅದು ಚೂಪ ಇರೂದ ತಪ್ಪೋ, ಹೊರಗ ಇರೂದ ತಪ್ಪೋ?”

ಹೊರಗೆ ಇರುವುದೇ ತಪ್ಪು ಎಂದೆ. ಚಾರ್ಜ್ ಯಾವಾಗಲೂ ಹೊರಮೈಗೆ ಬರುತ್ತದೆ ಎಂದು ನಾನೇ ಕ್ಲಾಸಿನಲ್ಲಿ ಹೇಳಿದ್ದೆ. ಚೂಪು ತುದಿಗಳ ಮೇಲೆ ಒಂದು ನುಣುಪಾದ ಲೋಹದ ಮುಚ್ಚಳ ಬಿಗಿಯಾಗಿ ಕೂತರೆ ಚಾರ್ಜ್ ಆ ಮುಚ್ಚಳದ ಹೊರಮೈಗೆ ಬರುತ್ತದೆ, ಒಳಗಿನ ಚೂಪಿಗೆ ಏನೂ ಸಿಗುವುದಿಲ್ಲ. ಇಷ್ಟನ್ನು ಹೇಳುತ್ತ ಹೇಳುತ್ತ ನನ್ನ ಮಾತು ನನಗೇ ಕೇಳಿಸಿತು.

“ಹಂಗಾರ ಮೂಗ ಯಾಕ ಕೊಯ್ಯೂದ್ರಿ? ಟೊಪಿಗಿ ಹಾಕೂನು” ಎಂದಳು ಮಾಲನಬಿ.

ಟೊಪ್ಪಿಗೆಗೆ ಉಸ್ಮಾನಸಾಬರ ತಕರಾರಿರಲಿಲ್ಲ. ಪೇರಲಕ್ಕೆ ಕತ್ತರಿಸಿ ಉಳಿದಿದ್ದ ಒಂದು ತುಂಡು ತಾಮ್ರವನ್ನು ಬಡಿದು, ಕೋಳಿಮೊಟ್ಟೆಯ ಸಣ್ಣ ತುದಿಯಂಥ ಒಂದು ಟೊಪ್ಪಿಗೆ ಮಾಡಿ, ಮೂಗು ನಲುಗದ ಹಾಗೆ, ಅಲುಗಾಡದ ಹಾಗೆ ಅದರ ಮೇಲೆ ಕೂಡಿಸಿಕೊಟ್ಟರು. ಶಾಲೆಗೆ ಓಡಿಬಂದು ಯಂತ್ರ ತಿರುಗಿಸಿದೆ. ಚಾರ್ಜ್ ನಿಂತಿತು. ಬಿಲ್ಲೆಯನ್ನು ಪೇರಲದ ಹೊಟ್ಟೆಗೆ ಮುಟ್ಟಿಸಿ ನೋಡಿದರೆ ಹಾಳೆಗಳು ತುಸು ದೂರ ಸರಿದವು, ಟೊಪ್ಪಿಗೆಗೆ ಮುಟ್ಟಿಸಿದರೆ ರೆಕ್ಕೆಯ ಹಾಗೆ ಬಿಚ್ಚಿಕೊಂಡವು. ದೊಡ್ಡ ದುಂಡಿನ ಮೇಲೊಂದು ಸಣ್ಣ ದುಂಡು ಸೇರಿದ್ದರಿಂದ, ಹೆಚ್ಚು ಬಾಗಿದ ಟೊಪ್ಪಿಗೆಯ ಮೇಲೆ ಚಾರ್ಜ್ ದಟ್ಟವಾಗಿತ್ತು. ಟೊಪ್ಪಿಗೆ ಹಾಕಿಕೊಂಡ ನಮ್ಮ ಪೇರಲ ವಿಲಾಯತಿ ಪೇರ್ ಆಗಿಬಿಟ್ಟಿತ್ತು. ಎಷ್ಟೋ ದಿನಗಳ ಮೇಲೆ ಅವತ್ತು ಮನೆಯಲ್ಲಿ ಹೊಟ್ಟೆ ತುಂಬ ಉಂಡೆ.

ತಪಾಸಣೆಯ ದಿನ ಶಾಲೆಗೆ ಬಂದರೆ ಪ್ರಯೋಗದ ಕೋಣೆಯ ನೆಲ ಒದ್ದೆಯಾಗಿತ್ತು. ದೊಡ್ಡ ಸಾಹೇಬರು ಬರುತ್ತಾರೆ, ಧೂಳು ಏಳಬಾರದು, ತಂಪೂ ಆಗಲಿ ಎಂದು ಹಿರೇಮಠರು ಮನೆಯಂಗಳಕ್ಕೆ ಚಿಮುಕಿಸಿದ ಹಾಗೆ ನೀರು ಚಿಮುಕಿಸಿಬಿಟ್ಟಿದ್ದರು. ತೇವದ ಗಾಳಿಯಲ್ಲಿ ಇಂಥ ಪ್ರಯೋಗಗಳು ಏಳುವುದೇ ಇಲ್ಲ. ಗಾಜಿನ ಮೇಲೆ ತೇವ ಕೂತರೆ ಚಾರ್ಜ್ ಅದರ ಗುಂಟ ಇಳಿದುಹೋಗುತ್ತದೆ. ನಾನು ಹಲ್ಲು ಕಚ್ಚಿಕೊಂಡು ಕಿಟಕಿ ಬಾಗಿಲು ಎಲ್ಲ ತೆರೆಸಿದೆ. ಪುಣ್ಯಕ್ಕೆ ನಮ್ಮ ಸೀಮೆಯ ಬಿಸಿಲು ಯಾರ ಮುಲಾಜೂ ಇಟ್ಟುಕೊಳ್ಳುವುದಿಲ್ಲ. ಸಾಹೇಬರು ಚಹಾ ಕುಡಿದು ಏಳುವಷ್ಟರಲ್ಲಿ ನೆಲ ಒಣಗಿ ಬಿಳಿಚಿಕೊಂಡಿತ್ತು. ಟೊಪ್ಪಿಗೆ ಎಲ್ಲಿ ಸಡಿಲಾಗುವುದೋ ಎಂದು ಉಸ್ಮಾನಸಾಬರನ್ನೂ ಕರೆಸಿದ್ದೆವು. ಒಳಗೆ ಬನ್ನಿ ಎಂದರೆ ಒಲ್ಲೆನೆಂದು ಅವರು ಕಿಟಕಿಯ ಹೊರಗೆ ನಿಂತುಕೊಂಡರು.

ಇನ್ಸ್‌ಪೆಕ್ಟರು ಮೈಸೂರು ಕಡೆಯವರು. ಮೃದು ಮಾತು, ಇಸ್ತ್ರಿ ಮಾಡಿದ ಕೋಟು. ಕೈಯಲ್ಲಿ ಅದೇ ಕನ್ನಡ ಪುಸ್ತಕ. ತಕ್ಕಡಿ, ಮಸೂರ, ಅಯಸ್ಕಾಂತ ಎಲ್ಲ ಮುಗಿದು ಪೇರಲದ ಸರದಿ ಬಂತು. ಹತ್ತನೆಯ ಇಯತ್ತೆಯ ಮಕ್ಕಳ ಎದುರಿಗೆ ಪ್ರಯೋಗ ಮಾಡಿದೆ. ಹೊಟ್ಟೆಯ ಮೇಲೆ ಕಡಿಮೆ, ಟೊಪ್ಪಿಗೆಯ ಮೇಲೆ ಜಾಸ್ತಿ. ಹಾಳೆಗಳು ಹೇಳಿದ ಹಾಗೆ ಕೇಳಿದವು. ಸಾಹೇಬರು ತಲೆಯಾಡಿಸಿದರು, ಪುಸ್ತಕ ನೋಡಿದರು, ಪೇರಲ ನೋಡಿದರು, ಮತ್ತೆ ಪುಸ್ತಕ ನೋಡಿದರು.

“ಈ ಮುಚ್ಚಳ ಯಾಕೆ? ಪುಸ್ತಕದಲ್ಲಿ ಮುಚ್ಚಳದ ವಿಷಯ ಇಲ್ಲವಲ್ಲ. ತೆಗೆದು ತೋರಿಸಿ ಮಾಸ್ಟರೇ.”

ಮುಚ್ಚಳ ಬೇಕೇ ಬೇಕು ಎಂದು ವಿವರಿಸಲು ಹೋದೆ. ಅವರು ಪೂರ್ತಿ ಕೇಳಲಿಲ್ಲ. ಸಲಕರಣೆಗೆ ನಾವೇ ಏನಾದರೂ ಸೇರಿಸಿ ಬೇಕಾದ ಉತ್ತರ ಬರಿಸಿಕೊಂಡರೆ ಅದು ಪ್ರಯೋಗ ಅನ್ನಿಸುವುದಿಲ್ಲ ಎಂದು ಮೆತ್ತಗೆ ಹೇಳಿದರು. ಕೂಗಾಡುವವರನ್ನು ನಾನು ಸಂಭಾಳಿಸಬಲ್ಲೆ, ಮೆತ್ತಗೆ ತಪ್ಪು ಹೇಳುವವರನ್ನು ಏನು ಮಾಡುವುದು? ಹಿರೇಮಠರು ನನ್ನ ಹಿಂದೆ ನಿಂತು ಅಂಗಿಯ ತುದಿ ಜಗ್ಗಿದರು. ಟೊಪ್ಪಿಗೆ ತೆಗೆದೆ. ಯಂತ್ರ ತಿರುಗಿಸಿ, ನಿಲ್ಲಿಸಿ, ಬಿಲ್ಲೆ ಮುಟ್ಟಿಸಿದೆ. ಹಾಳೆಗಳು ಕದಲಿದ ಶಾಸ್ತ್ರ ಮಾಡಿ ಸುಮ್ಮನಾದವು.

“ಹಾಗಾದರೆ ಪ್ರಯೋಗ ವಿಫಲ” ಎಂದರು ಸಾಹೇಬರು. ಬೇಸರದಿಂದಲೇ ಹೇಳಿದರು, ಅದನ್ನು ಒಪ್ಪಬೇಕು.

ನನ್ನ ಕಿವಿ ಬಿಸಿಯಾಯಿತು. ಆ ಗಳಿಗೆಯಲ್ಲಿ ನಾನು ಬಾಯಿ ಬಿಟ್ಟಿದ್ದರೆ ಮಂಜೂರಾತಿ ಹಾಗಿರಲಿ, ನನ್ನ ನೌಕರಿಯೂ ಹೋಗುತ್ತಿತ್ತು. ಸಾಹೇಬರು ಏನೋ ಕನಿಕರ ಬಂದವರಂತೆ ಮಕ್ಕಳ ಕಡೆ ತಿರುಗಿ, ಇದು ಯಾಕೆ ಹೀಗಾಯಿತು ಎಂದು ನಿಮ್ಮಲ್ಲಿ ಯಾರಿಗಾದರೂ ಗೊತ್ತೇ ಎಂದು ಕೇಳಿದರು. ಬಾಗಿಲ ಪಕ್ಕದ ಬೆಂಚಿನಿಂದ ಮಾಲನಬಿ ಎದ್ದು ನಿಂತಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು, ಮಾತು ಮಾತ್ರ ತಡವರಿಸಲಿಲ್ಲ.

“ಚೂಪ ಇದ್ದಲ್ಲಿ ಚಾರ್ಜ್ ಭಾಳ ಕೂಡತೈತ್ರಿ. ಟೊಪಿಗಿ ಇದ್ದಾಗ ಅದರ ಮ್ಯಾಲ ಕುಂತಿತ್ತು. ಟೊಪಿಗಿ ತಗದ್ರಿ, ಮೂಗಿನಿಂದ ಗಾಳ್ಯಾಗ ಹಾರಿ ಹೋತು. ಪ್ರಯೋಗ ಕೆಟ್ಟಿಲ್ರಿ ಸಾಹೇಬ್ರ, ಎರಡ ಸಲ ಆಗೇತಿ.”

ಹಾರಿಹೋಯಿತು ಎಂದು ಹೇಗೆ ನಂಬುವುದು ಎಂದು ಸಾಹೇಬರು ಕೇಳಿದರು. ಅವಳು ನನ್ನ ಕಡೆ ನೋಡಿದಳು. ನಾನು ಮೇಣದಬತ್ತಿ ಹಚ್ಚಿ ಅವಳ ಕೈಗೆ ಕೊಟ್ಟು ಯಂತ್ರದ ಹಿಡಿಕೆ ಹಿಡಿದೆ. ಅವಳು ಬತ್ತಿಯನ್ನು ಪೇರಲದ ಮೂಗಿನ ಎದುರಿಗೆ ತಂದಳು. ನಾನು ತಿರುಗಿಸಿದ ಕೂಡಲೇ, ಯಾರೋ ಊದಿದ ಹಾಗೆ ದೀಪ ಆಚೆ ಬಾಗಿತು. ನಿಲ್ಲಿಸಿದರೆ ನೆಟ್ಟಗಾಯಿತು. ತಿರುಗಿಸಿದರೆ ಮತ್ತೆ ಬಾಗಿತು. ಸಾಹೇಬರು ಪುಸ್ತಕವನ್ನು ಮೇಜಿನ ಮೇಲೆ ಇಟ್ಟರು. ಕೋಟಿನ ತೋಳು ಏರಿಸಿ ತಮ್ಮ ಕೈಯನ್ನೇ ಎದುರಿಗೆ ಹಿಡಿದರು. ನನ್ನ ತೋಳು ಸೋಲುವವರೆಗೆ ತಿರುಗಿಸಲು ಹಚ್ಚಿದರು. ಕಡೆಗೆ ಟೊಪ್ಪಿಗೆಯನ್ನು ತಾವೇ ಎತ್ತಿ ಮೂಗಿಗೆ ಹಾಕಿ, ಬತ್ತಿ ಹಿಡಿದು ನೋಡಿದರು. ದೀಪ ಕದಲಲಿಲ್ಲ.

“ಇದಕ್ಕೆ ನಮ್ಮ ಕಡೆ ಸೀಬೆಹಣ್ಣು ಅಂತೀವಿ” ಎಂದರು ಪೇರಲವನ್ನು ತೋರಿಸಿ. “ಪೇರ್ ಅಂದರೆ ಇದಲ್ಲ ಅನ್ನಿಸುತ್ತೆ. ನೀವು ಪೇರ್ ಹಣ್ಣು ನೋಡಿದೀರಾ?”

ಇಲ್ಲ ಎಂದೆ. ಹಿರೇಮಠರೂ ಇಲ್ಲ ಎಂದರು. ಸಾಹೇಬರು ನಕ್ಕರು. ತಾವೂ ನೋಡಿಲ್ಲವಂತೆ.

ಅಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ನಾಲ್ಕೂ ತಾಲ್ಲೂಕುಗಳಲ್ಲಿ ಯಾರೂ ಕಣ್ಣಿಂದ ಕಾಣದ ಒಂದು ಹಣ್ಣಿನ ಹೆಸರು ಹೇಳಿ ನಾವು ನಿಸರ್ಗದ ನಿಯಮ ಕಲಿಸುತ್ತಿದ್ದೆವು. ಕಲಿಸುವವನು ನೋಡಿಲ್ಲ, ಪರೀಕ್ಷಿಸುವವನು ನೋಡಿಲ್ಲ, ಪುಸ್ತಕ ಬರೆದವರು ನೋಡಿದ್ದರೋ ಇಲ್ಲವೋ ನನಗೆ ಈಗಲೂ ಗುಮಾನಿ ಇದೆ. ಆಮೇಲಿನ ನನ್ನ ಇಡೀ ಸೇವೆಯಲ್ಲಿ ನಾನು ಆ ಶಬ್ದವನ್ನು ಕ್ಲಾಸಿನಲ್ಲಿ ಬಳಸಲಿಲ್ಲ. ಟೊಪ್ಪಿಗೆ ಹಾಕಿದ ಪೇರಲ ಎಂದೇ ಕಲಿಸಿದೆ, ಎಲ್ಲ ಮಕ್ಕಳಿಗೂ ತಿಳಿಯಿತು.

ಮಂಜೂರಾತಿ ಸಿಕ್ಕಿತು. ಮುಂದಿನ ತಪಾಸಣೆಯೊಳಗೆ ಸರಿಯಾದ ಆಕಾರದ ವಾಹಕ ತರಿಸಬೇಕು ಎಂಬ ಷರತ್ತಿನೊಂದಿಗೆ. ಹಿರೇಮಠರು ನನ್ನ ಬೆನ್ನು ತಟ್ಟಿ, “ನಾ ಹೇಳಿದ್ದಿಲ್ಲೇನು, ಆಗತೈತಿ ಅಂತ” ಎಂದರು. ನಾನು ಕೈಮುಗಿದು ಅಲ್ಲಿಂದ ಜಾಗ ಖಾಲಿ ಮಾಡಿದೆ.

ಮಾಲನಬಿ ನಮ್ಮಲ್ಲೇ ವಿಜ್ಞಾನ ಓದಿ ಮ್ಯಾಟ್ರಿಕ್ ಪಾಸಾದಳು. ಆದರೆ ನನಗೆ ಸಮಾಧಾನ ಆಗಲಿಲ್ಲ. ನರ್ಸ್ ತರಬೇತಿ ಇದ್ದದ್ದು ಹುಬ್ಬಳ್ಳಿಯಲ್ಲಿ. ಊರಲ್ಲಿ ಶಾಲೆ ಇರುವತನಕ ಎಂದು ಉಸ್ಮಾನಸಾಬರು ಹೇಳಿದ್ದ ಗೆರೆ ಈಗ ಮುಗಿದಿತ್ತು. ಪೇರಲದ ಮೂಗಿಗೇ ಅಷ್ಟು ಹಟ ಹಿಡಿದ ಮನುಷ್ಯ, ಮಗಳ ವಿಷಯದಲ್ಲಿ ಎಷ್ಟು ಹಿಡಿದಾನು ಎಂದು ಮೊದಲೇ ನೆನೆದು ನೆನೆದು ರೇಗಿಕೊಂಡೆ. ಏನೇನು ಹೇಳಬೇಕು, ಅವರು ಏನೆಂದರೆ ನಾನು ಏನನ್ನಬೇಕು ಎಂದೆಲ್ಲ ಜೋಡಿಸಿಕೊಂಡು, ಒಂದು ಸಂಜೆ ಅಂಗಡಿಗೆ ಹೋದೆ.

ಉಸ್ಮಾನಸಾಬರು ಒಂದು ತಂಬಿಗೆಯನ್ನು ಕಾಲುಗಳ ನಡುವೆ ಹಿಡಿದುಕೊಂಡು, ಸಣ್ಣ ಉಳಿಯಿಂದ ಚುಕ್ಕೆ ಚುಕ್ಕೆಯಾಗಿ ಹೆಸರು ಹೊಡೆಯುತ್ತಿದ್ದರು. ಪಕ್ಕದಲ್ಲಿ ತಾಟು, ಬಟ್ಟಲು, ಮುಚ್ಚಳವಿದ್ದ ಒಂದು ಡಬ್ಬಿ, ಎಲ್ಲಕ್ಕೂ ಹೊಸ ಕಲಾಯಿ. ಯಾರದೋ ಲಗ್ನದ ಪಾತ್ರೆಗಳು ಎಂದುಕೊಂಡೆ. ಬಗ್ಗಿ ನೋಡಿದರೆ ಎಲ್ಲದರ ಮೇಲೂ ಮಾಲನಬಿ, ಮುದ್ದೇಬಿಹಾಳ ಎಂದಿತ್ತು. ಹುಬ್ಬಳ್ಳಿಯ ಹಾಸ್ಟೆಲಿನಲ್ಲಿ ಬೇರೆಯವರ ಪಾತ್ರೆಗಳಲ್ಲಿ ಕಲೆತುಹೋಗಬಾರದಲ್ಲ ಎಂದರು ಅವರು, ತಲೆ ಎತ್ತದೆ. ಆಮೇಲೆ ಉಳಿ ಕೆಳಗಿಟ್ಟರು.

“ಟೊಪಿಗಿ ತಗದ್ರ ಹಾರಿ ಹೋಗತೈತಿ ಅಂತ ಅವತ್ತ ಆಕಿನ ಹೇಳಿದ್ಲಲ್ರಿ. ಕಿಟಕ್ಯಾಗ ನಿಂತ ಕೇಳೇನಿ. ಎಷ್ಟ ದಿನಾ ಅಂತ ಮುಚ್ಚಿ ಇಡೂದ್ರಿ ಮಾಸ್ತರ್ರ?”

ಜೋಡಿಸಿಕೊಂಡು ಹೋದ ಮಾತುಗಳನ್ನೆಲ್ಲ ಹಾಗೇ ವಾಪಸು ತಂದೆ. ಅದಕ್ಕೂ ಸ್ವಲ್ಪ ರೇಗಿತು, ಕಣ್ಣೂ ತುಂಬಿತು. ಪಾಠ ತಲುಪಿತೋ ಇಲ್ಲವೋ ಎಂದು ನಾವು ಮಾಸ್ತರರು ಬೆಂಚುಗಳ ಕಡೆ ನೋಡುತ್ತೇವೆ. ಅವತ್ತು ಅದು ಕಿಟಕಿಯ ಹೊರಗೆ ನಿಂತವರಿಗೆ ತಲುಪಿತ್ತು.